ಊಟದ ಕಾಲಂ

ಸ್ಕ್ರೀನಿನಲ್ಲಿ ಅನ್ನ ಕಿತ್ತಳೆ ಬಣ್ಣ, ಸ್ಟೀಲು ನೀಲಿ.
ಗೊರಗುಂಟೆಪಾಳ್ಯದ ಮೆಟ್ಟಿಲು ಹತ್ತಿ ಬರುವ ಬುತ್ತಿಯೆಲ್ಲ
ಬೆಳಿಗ್ಗೆ ಆರರಿಂದ ನನ್ನೆದುರೇ
ಬೆಲ್ಟಿನ ಮೇಲೆ ಮಲಗಿ ಹೋಗುತ್ತದೆ:
ಮೂರಂತಸ್ತಿನ ಕ್ಯಾರಿಯರ್, ಒಂಟಿ ಚಮಚ,
ಯಾರದೋ ಮಗುವಿನ ಡಬ್ಬಿಯಲ್ಲಿ ಎರಡೇ ಇಡ್ಲಿ.
ವಾಸನೆ ಮಾತ್ರ ಯಂತ್ರಕ್ಕೆ ಸಿಗದು.
ಅದು ನನ್ನ ಪಾಲು.

ಹೆಂಗಸರ ತಪಾಸಣೆಯ ಪರದೆಯೊಳಗೆ
ಹೊಂಬಾಳಮ್ಮ ಒಬ್ಬಳೇ. ಸಕ್ಕರೆ ಕಾಯಿಲೆ.
ಜೇಬಲ್ಲಿ ಎರಡು ಪೆಪ್ಪರಮಿಂಟು:
ಕೈ ನಡುಗಿದರೆ ಒಂದು,
ಕಣ್ಣು ಕತ್ತಲಿಟ್ಟರೆ ಇನ್ನೊಂದು.
ರಿಲೀವರ್ ಬರ್ತಾಳೆ ತಾಳಿ, ಅಂದಿದ್ದ ಸೂಪರ್‌ವೈಸರ್ ತಿಪ್ಪೇಶಪ್ಪ,
ಯುಗಾದಿಗೆ ಮುಂಚೆ.
ಗೌರಿ ಹಬ್ಬವೂ ಕಳೆಯಿತು.

ನಮ್ಮ ರೂಮಿನ ಗೋಡೆಯಲ್ಲಿ, ಮಾಪಿನ ಕೋಲಿನ ಹಿಂದೆ
ಒಂದು ನೋಟೀಸು ಇದೆ:
ಐದು ಗಂಟೆ ಕೆಲಸದ ತರುವಾಯ
ಅರ್ಧ ಗಂಟೆಗೆ ಕಡಿಮೆಯಿಲ್ಲದ ವಿರಾಮ ಕೊಡತಕ್ಕದ್ದು.
ಕೊಡತಕ್ಕದ್ದು ಅಂದ್ರೆ ಏನೇ, ಕೇಳಿದಳು.
ಕೊಟ್ಟಾರು ಅಂತಲಾ, ಕೊಡಬಹುದು ಅಂತಲಾ?
ಕೊಡಲೇಬೇಕು ಅಂತ, ಅಂದೆ.
ಹಾಗೇ ಬರೀಬಾರದಿತ್ತಾ, ಅಂದು
ಕೋಲನ್ನು ಪಕ್ಕಕ್ಕೆ ಸರಿಸಿಟ್ಟಳು.

ಮೊನ್ನೆ ಎರಡನೇ ಪೆಪ್ಪರಮಿಂಟೂ ಮುಗಿಯಿತು.
ನಾನು ರಿಜಿಸ್ಟರು ತೆರೆದೆ. ಅದರಲ್ಲಿ ಎಲ್ಲಕ್ಕೂ ಜಾಗ:
ಬಿಟ್ಟುಹೋದ ಕೊಡೆ, ಹಿಡಿದಿಟ್ಟ ಕತ್ತರಿ,
ಸಾಹೇಬರು ಬಂದ ಹೊತ್ತು, ಹೋದ ಹೊತ್ತು.
ಊಟಕ್ಕೆ ಕಾಲಂ ಇಲ್ಲ.
ಸ್ಕೇಲಿಟ್ಟು ಗೆರೆ ಎಳೆದೆ.
2.10ರಿಂದ 2.40. ಹೊಂಬಾಳಮ್ಮ. ಊಟ.
ಸ್ಕ್ರೀನಿಗೆ ಗೇಟಿನ ಹುಡುಗ ರಹಮತ್‌ನನ್ನು ಕೂರಿಸಿ
ಪರದೆಯೊಳಗೆ ನಾನು ನಿಂತೆ.

ರಹಮತ್‌ಗೆ ಬ್ಯಾಗು ನೋಡಿ ಅಭ್ಯಾಸವಿಲ್ಲ,
ಪ್ರತಿಯೊಂದಕ್ಕೂ ಬೆಲ್ಟು ನಿಲ್ಲಿಸಿದ.
ಕ್ಯೂ ಮೆಟ್ಟಿಲಿಳಿಯಿತು.
ಒಬ್ಬಾಕೆ ವಾಚು ತೋರಿಸಿದಳು.
ಇನ್ನೊಬ್ಬಾಕೆ ಫೋನೆತ್ತಿ ದೂರು ಹೇಳಿದಳು,
ಅವಳ ಕ್ಯಾರಿಯರ್ ಇನ್ನೂ ಬಿಸಿಯಾಗಿತ್ತು.
ತಿಪ್ಪೇಶಪ್ಪ ಓಡಿ ಬಂದ. ಯಾರನ್ನ ಕೇಳಿ?
ರಿಜಿಸ್ಟರನ್ನು ಅವನ ಕಡೆ ತಿರುಗಿಸಿದೆ.
ಪುಟಗಳಿಗೆ ನಂಬರು ಇವೆ.
ಹರಿಯುವ ಹಾಗಿಲ್ಲ, ಅವನಿಗೂ ಗೊತ್ತು.
ಸುಮ್ಮನೆ ಆ ಗೆರೆಯ ಮೇಲೆ ಬೆರಳಾಡಿಸಿದ,
ಇಂಕು ಇನ್ನೂ ಹಸಿ.
ಬೆರಳ ತುದಿ ನೀಲಿಯಾಯಿತು.

ಒಳಗೆ ಹೊಂಬಾಳಮ್ಮ
ಕಲ್ಲಾದ ಮುದ್ದೆಯನ್ನು ಸಾರಲ್ಲಿ ನೆನೆಸುತ್ತಾ ಕೂತಿದ್ದಳಂತೆ.
ಕೂತು ಉಣ್ಣೋದು ಮರ್ತೇ ಹೋಗಿದೆ ಕಣೇ, ಅಂದಳು ಆಮೇಲೆ.
ಎರಡೂ ಮೂವತ್ತೊಂದಕ್ಕೇ ಬಂದು ನಿಂತಿದ್ದಳು,
ಕೈ ಇನ್ನೂ ಒದ್ದೆ.
ಒಂಬತ್ತು ನಿಮಿಷ ಬಾಕಿ ಇದೆಯಲ್ಲೇ, ಅಂದೆ.
ನಾಳೆ ಲೆಕ್ಕಕ್ಕೆ ಬರ್ಕೋ, ಅಂದಳು.