ಪಾಸಿಂಗ್

ರೊಟ್ಟಿ ಒಣಗ್ಯಾವೋ ಇಲ್ಲೋ ಬೆರಳಿಲೆ ಬಡದು ನೋಡ್ತೀನಿ ನಾ.
ಟಣ್ ಅಂದ್ರ ಕಟ್ಟಿಗೆ,
ಥಪ್ ಅಂದ್ರ ಮತ್ತ ಬಿಸಲಿಗೆ.
ಹಂಗಽ ಬಡದೆ ವ್ಯಾನಿನ ಮೈ,
ಅಕ್ಕಲಕೋಟದ ಸ್ಟೇಷನ್ ರೋಡಿನ್ಯಾಗ
ದಸ್ತಗೀರ ಬಾಗವಾನನ ಬಾಳಿಹಣ್ಣಿನ ವಖಾರಿ ಮುಂದ.
ಮುಂದಿನ ಬಾಗಿಲಾ ಟಣ್ ಅಂತು.
ಗಾಲಿ ಮ್ಯಾಲಿನ ತಗಡು ಥಪ್.
ಒಳಗ ಪುಟ್ಟಿ ಮೆತ್ಯಾರ, ಅದರ ಮ್ಯಾಲ ಬಿಳಿ ಬಣ್ಣ.

ಮೀಟರಿನ್ಯಾಗ ಎರಡು ಲಕ್ಷ ಮೂವತ್ತೇಳು ಸಾವಿರ.
'ಅಕ್ಕಾ, ಮೀಟರ್ ಮುಟ್ಟಿಲ್ಲ ನಾ.
ಮುಟ್ಟಿದ್ರ ಇಷ್ಟ್ಯಾಕ ಇಡ್ತಿದ್ದೆ?'
ಅದೂ ಖರೆ ಅನಸ್ತು.
ಲಕ್ಷ ಅಂದ್ರ ನನಗ ಹೆದರಿಕಿಲ್ಲ.
ಈ ಕೈ ಎಷ್ಟು ಲಕ್ಷ ರೊಟ್ಟಿ ಬಡದಾವೋ,
ಅದಕ್ಕ ಮೀಟರಿಲ್ಲ, ಮಣಿಕಟ್ಟಿಗೊಂದಽ ಗೊತ್ತು.
ಎಷ್ಟು ಓಡ್ಯಾದ ಅಂತ ಕೇಳಾಂಗಿಲ್ಲ ನಾ,
ಓಡೂಮುಂದ ಯಾರು ನೋಡ್ಯಾರ ಅಂತ ಕೇಳ್ತೀನಿ.
'ಪಾಸಿಂಗಿನ ಕಾಗದ ತಗಿ.'

ಹಣ್ಣಿನ ವಾಸನಿ ಹಿಡದ ಪ್ಲಾಸ್ಟಿಕ್ ಚೀಲ.
ಆರು ಕಾಗದ, ಆರೂ ಮರಾಠಿ.
ನಂದು ಕನ್ನಡ, ಅದೂ ನಾಕನೇತ್ತೆ ತನಕ.
ಮಗಳು ಕಲ್ತದ್ದು ಮರಾಠಿ ಸಾಲ್ಯಾಗ,
ಹೆಸರೂ ಹಂಗಽ ಇಟ್ಟೀನಿ, ಪ್ರಾಜಕ್ತಾ.
ಆಕಿ ಓದ್ತಾಳ, ಓದಿ ನನಗ ಹೇಳ್ತಾಳ.
'ಯೋಗ್ಯತಾ ಪ್ರಮಾಣಪತ್ರ.'
ಯೋಗ್ಯತಾ!
ನಮ್ಮತ್ತಿ ದಿನಾ ಮುಂಜಾನೆ ಕೇಳ್ತಿದ್ಲು ನನ್ನ ಯೋಗ್ಯತಾ,
ಒಮ್ಮಿನೂ ಸಿಕ್ಕಾ ಹೊಡದು ಕೊಡಲಿಲ್ಲ.

'ಹದಿನಾಲ್ಕು, ಠೀಕ. ಹದಿನೈದು, ಠೀಕ.
ಹದಿನಾರು, ನಾಪಾಸ.
ಎಡಗಡಿ ಬ್ರೇಕ್ ಸಡಿಲ, ಸ್ಟೇರಿಂಗಿನ್ಯಾಗ ಆಟ.
ಒಂಬತ್ತು ದಿನದ ಮ್ಯಾಲ ಮತ್ತ ತಂದಾರ, ಪಾಸ.'
ದಸ್ತಗೀರ ಮಾರಿ ಸಣ್ಣ ಮಾಡಿದ.
ನನಗ ಆ ಕಾಗದಽ ಛಲೋ ಅನಸ್ತು.
ಯಾವನೋ ಒಬ್ಬಾಂವ ಖರೇನಽ ಗಾಡಿ ಬುಡಕ ಹೊಕ್ಕಾನ,
ಅಂಗಿಗೆ ಎಣ್ಣಿ ಹಚ್ಚಿಕೊಂಡು ಹೊರಗ ಬಂದಾನ.

'ಹದಿನೇಳು,' ಅಂದ್ಲು.
'ಬ್ರೇಕ್ ಠೀಕ. ದೀಪ ಠೀಕ. ಬಾಗಿಲಾ ಠೀಕ...'
ಅಷ್ಟಕ್ಕಽ ನಿಂತ್ಲು.
ಕಾಗದ ನನ್ನ ಕೈಯಾಗ ಕೊಟ್ಟು
ಹಿಂದಿನ ಸೀಟಿನ ಬುಡಕ ಕೈ ಹಾಕಿದ್ಲು,
ಕುರುಡರು ಓದಿದಂಗ ಬೆರಳಾಡಿಸಿದ್ಲು.
'ಅವ್ವಾ, ಬಣ್ಣ ಬದಲಿ ಮಾಡ್ಯಾರ ನೋಡು.
ಆಗ ಹಳದಿ ಇತ್ತು. ಇದಽ ನಮ್ಮ ಸಾಲಿ ವ್ಯಾನು.
ಇಲ್ಲಿ ನನ್ನ ಹೆಸರು ಕೊರದೀನಿ, ಕಂಪಾಸಿನ ಮೊನಿಲೆ.'

'ಹೌದೇನ ಬೇಟಾ? ನಾ ತಗೊಂಡಿದ್ದು ಇಪ್ಪತ್ತರಾಗ,' ಅಂದ ದಸ್ತಗೀರ.

'ಹದಿನೇಳರಾಗ ಈ ಬಾಗಿಲಾ ನಿಲ್ತಿರಲಿಲ್ಲ.
ತಿರುವು ಬಂತಂದ್ರ ತಾನಽ ಸರೀತಿತ್ತು.
ಡ್ರೈವರ್ ಮಾಮಾ ಸುತಳಿ ಕಟ್ಟಿದ್ದ.
ಸುತಳಿ ಹರದ ಮ್ಯಾಲ
ನಾ ಆ ಕಡೆ ಕೂಡ್ತಿದ್ದೆ, ಹಿಡಿಕಿ ಹಿಡಕೊಂಡು.
ಒಳಗ ಹನ್ನೊಂದು ಹುಡುಗೂರು.'

ಆಗ ಆಕಿಗೆ ಒಂಬತ್ತು ವರ್ಷ.
ಎಡಗೈ ಅಂಗೈಯಾಗ ದಿನಾ ಜಂಗಿನ ಕಲಿ.
ಎಲ್ಲಿ ಹೊಲಸಿನ್ಯಾಗ ಆಡಿ ಬರ್ತಿ ಅಂತ ಬೈದು
ತೆಂಗಿನ ಗುಂಜಿಲೆ ತಿಕ್ಕೀನಿ, ಕೆಂಪಾಗೂ ತನಕ.

'ಹೇಳಲಿಲ್ಲ ಯಾಕ?'

'ಹೇಳಿದ್ರ ಸಾಲಿ ಬಿಡಸ್ತಿದ್ದಿ.'

ಬಿಡಸ್ತಿದ್ದೆ. ಸುಳ್ಳ್ಯಾಕ ಹೇಳಲಿ.

ಕೈಯಾಗಿನ ಕಾಗದ ಹೊರಳಿಸಿ ನೋಡಿದೆ.
ದುಂಡನ ನೀಲಿ ಸಿಕ್ಕಾ.
ಆರರಾಗ ಇದಽ ಭಾಳ ಚಂದ ಮೂಡ್ಯಾದ.

ಎಪ್ಪತ್ತು ಸಾವಿರ ಅಂದಾಂವ ಐವತ್ತೆರಡಕ್ಕ ಬಂದ.
ನಾ ಹೂಂ ಅಂದಿಲ್ಲ ಇನ್ನಾ.
'ಮೈಂದರ್ಗಿ ರೋಡಿಗೆ ಒಂದು ಸುತ್ತ ಹೊಡಿ, ನೋಡೂಣು.'
ಬಾಗಿಲಕ್ಕ ಹೊಸಾ ಲಾಕ್ ಹಾಕ್ಯಾನ, ಖಟ್ ಅಂತ ಬೀಳ್ತದ.
ಹತ್ತು ಸಲ ತಗದು ಹಾಕಿ ನೋಡೀನಿ,
ಹನ್ನೊಂದನೇದಕ್ಕ ಅಂವಾ ನಕ್ಕ.

ಹುಣಸಿಮರದ ತಿರುವಿಗೆ ಗಾಡಿ ವಾಲಿತು.
ಬಾಗಿಲಾ ಮಿಸುಗಲಿಲ್ಲ.
ಪ್ರಾಜಕ್ತಾ ನನ್ನ ಕಡೆ ಮಾರಿ ಮಾಡಿ
ಸೋಲಾಪುರದ ಅಂಗಡಿಗೆ ಎಷ್ಟು ಕಟ್ಟು ಹಿಡೀತಾವ ಅಂತ
ಲೆಕ್ಕಾ ಹೇಳ್ಲಿಕ್ಕತ್ತಿದ್ಲು,
ಎಡಗೈ ಮಾತ್ರ ಹೋಗಿ
ಹಿಡಿಕಿ ಹಿಡಕೊಂಡಿತ್ತು.