ಗ್ಯಾಸು ಸಾಯದ ಹಾಗೆ

ಹಡಗಿಳಿದು ಬಂದ ಹನ್ನೊಂದನೇ ದಿನ ಪಾಸ್ಕಲ್ ಮೊಂತೇರೊ
ಬನಿಯನ್ನಿನಲ್ಲಿ ಸುತ್ತಿ ತಂದ ಬಾಟಲಿಯನ್ನು
ನನ್ನ ಹಳೆಯ ಸೋಡಾ ಶೆಡ್ಡಿನ ಮೇಜಿನ ಮೇಲಿಟ್ಟ.
ಕನ್ನಡಕ ಏರಿಸಿ ಓದಿದೆ: ಕಾಗ್ನಾಕ್.
'ಗ' ನುಂಗು ಮಾರಾಯ, ಕೊನ್ಯಾಕ್, ಅಂದ.

ಬರೆದು ಓದದೆ ಬಿಡುವ ಅಕ್ಷರ ನಮ್ಮಲ್ಲಿಲ್ಲ.
ಸ್ಟೇಷನ್ನಿನ ಬೋರ್ಡಿನಲ್ಲಿ ಮಂಜೇಶ್ವರದ ಬಾಲಕ್ಕೆ
ಒಂದು 'ಮ್' ಹೆಚ್ಚಿಗೆ ಬಂದು ಕೂತದ್ದುಂಟು,
ಇದ್ದದ್ದನ್ನು ನುಂಗುವುದು ಇದೇ ಮೊದಲು.
ಹೆಸರು ಎಂತದಾದರೇನು, ಬ್ರಾಂಡಿಯೇ ಅಲ್ಲವೋ?
ಅಮ್ಮ ಬಾಣಂತಿಯರಿಗೆ ಚಮಚದಲ್ಲಿ ಅಳೆದು ಕೊಡುತ್ತಿದ್ದಳಲ್ಲ,
ಬೀವರೇಜಿನ ಕ್ಯೂವಿನಲ್ಲಿ ಸಿಗುತ್ತದಲ್ಲ,
ತಲಪಾಡಿ ದಾಟಿದರೆ ಕ್ವಾಟರಿನಲ್ಲಿ ಸಿಗುತ್ತದಲ್ಲ, ಆ ಜಾತಿ.
ಆ ಜಾತಿಯ ಅಜ್ಜ, ಅಂದ ಪಾಸ್ಕಲ್.

ಮತ್ತೆ ಚೀಲದಿಂದ ಕೋಲಾ ತೆಗೆದ.
ಶೆಡ್ಡು ಸುಮ್ಮನಾಯಿತು.

ದಿನಕ್ಕೆ ನಲವತ್ತು ಕ್ರೇಟು ಗೋಲಿಸೋಡಾ ತುಂಬಿದವನು ನಾನು, ಇಲ್ಲೇ.
ಬಾಟಲಿ ಒಡೆದು ಹೆಬ್ಬೆರಳಿನ ಅರ್ಧ ಉಗುರು ಹೋದದ್ದೂ ಇಲ್ಲೇ.
ಒಂದು ವರ್ಷ ಲಾರಿ ಬಂತು,
ಹೊಸಂಗಡಿಯಿಂದ ಕುಂಜತ್ತೂರಿನವರೆಗೆ
ಅಂಗಡಿ ಅಂಗಡಿಗೆ ಪುಕ್ಕಟೆ ಕೆಂಪು ಫ್ರಿಜ್ಜು ಇಳಿಸುತ್ತ ಹೋಯಿತು.
ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಗೋಲಿಗಳೆಲ್ಲ
ಕೇರಿಯ ಮಕ್ಕಳ ಚಡ್ಡಿಜೇಬಿನಲ್ಲಿದ್ದವು.
ಆ ಕರಿನೀರನ್ನು ಅಂದಿನಿಂದ ಮುಟ್ಟಿದವನಲ್ಲ.
ಮದುವೆಮನೆಯಲ್ಲಿ ಕೊಡಲು ಬಂದರೆ ಕೈ ಅಡ್ಡ ಹಿಡಿಯುತ್ತೇನೆ;
ಸಕ್ಕರೆ ಕಾಯಿಲೆ ಎಂದುಕೊಂಡಿದ್ದಾರೆ ಜನ.

ನೀನೇ ಮಾಡಿಕೋ, ಎಂದೆ.
ಪಾಸ್ಕಲ್ ಎರಡೂ ಕೈ ತೊಡೆಯ ಮೇಲಿಟ್ಟು ಕೂತ.
"ಮೂವತ್ತೊಂದು ವರ್ಷ, ದೂಮಣ್ಣ,
ಬಿಳಿ ಅಂಗಿ ಹಾಕಿ, ಕರಿ ಬೋ ಕಟ್ಟಿ,
ಓಲಾಡುವ ನೆಲದ ಮೇಲೆ ನಿಂತು
ಯಾರ್ಯಾರಿಗೋ ಮಾಡಿಕೊಟ್ಟಿದ್ದೇನೆ ಇದನ್ನು.
ನನಗೆ ಅಂತ ಯಾರೂ ಒಂದು ಮಾಡಿಕೊಟ್ಟದ್ದಿಲ್ಲ.
ಇವತ್ತು ನೀನು ಮಾಡು. ನಾನು ಗಿರಾಕಿ."

ಇದಕ್ಕೆ ಎಂತ ಹೇಳುವುದು?

ಐಸು ತಂದದ್ದು ಅದ್ಲಿಚ್ಚ, ಮೂಸೋಡಿಯ ದಕ್ಕೆಯಿಂದ;
ಮೂರು ನೀರಿನಲ್ಲಿ ತೊಳೆದರೂ ಬಂಗುಡೆಯನ್ನು ಮರೆಯಲಿಲ್ಲ ಅದು.
ಕುಡಿಯುವವನಲ್ಲ ಅದ್ಲಿಚ್ಚ, ಆದರೆ ಒಡೆಯುವುದರಲ್ಲಿ ಎತ್ತಿದ ಕೈ:
ಗೋಣಿಯೊಳಗಿಟ್ಟು ಸುತ್ತಿಗೆಯಿಂದ ಎರಡೇ ಪೆಟ್ಟು.

ಉದ್ದ ಗ್ಲಾಸು. ಕಂಠದವರೆಗೆ ಐಸು.
ಕೊನ್ಯಾಕ್ ಒಂದು ಪಾಲು,
ಪಾಸ್ಕಲ್ ಎರಡು ಬೆರಳು ಅಡ್ಡ ಹಿಡಿದು ತೋರಿಸಿದಷ್ಟು.
ಹಳೆ ಜೇನಿನ ಬಣ್ಣ, ಐಸಿನ ಸಂದಿಯಲ್ಲಿ
ದಾರಿ ಕೇಳಿಕೊಂಡು ಇಳಿಯಿತು.
ಕೋಲಾ ಎರಡು ಪಾಲು.
ಅವನು ಬಾಯಿ ತೆರೆಯುವ ಮೊದಲೇ
ನನ್ನ ಕೈ ಗ್ಲಾಸನ್ನು ಓರೆ ಮಾಡಿತ್ತು.
ಮೇಲಿಂದ ಸುರಿದರೆ ಗ್ಯಾಸು ಸಾಯುತ್ತದೆ.
ಗೋಡೆಗೆ ತಾಗಿಸಿ,
ಅಮ್ಮ ಹಸುಗೂಸಿನ ನೆತ್ತಿಗೆ ನೀರು ಹೊಯ್ಯುತ್ತಿದ್ದ ಹಾಗೆ
ಮೆಲ್ಲಗೆ...
ಇದನ್ನು ಯಾವ ಹಡಗಿನವನೂ ನನಗೆ ಕಲಿಸಬೇಕಾಗಿಲ್ಲ.
ಲಿಂಬೆಯ ಒಂದು ಹೋಳು. ಚಮಚ ಅಡಿಗೆ ಇಳಿಸಿ
ಒಂದೇ ಸಲ ಎತ್ತಿದೆ. ಕಲಕುತ್ತ ಕೂತರೆ ಅದು ಪಾಯಸ.

ಹೆಬ್ಬೆರಳು ತಾನಾಗಿಯೇ
ಗ್ಲಾಸಿನ ಬಾಯಿಗೆ ಹೋಯಿತು,
ಅಲ್ಲಿ ಗೋಲಿ ಇಲ್ಲದ್ದು ನೋಡಿ ವಾಪಸು ಬಂತು.

ಪಾಸ್ಕಲ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.
ಗಿರಾಕಿಯ ಮುಖ ನೋಡುತ್ತ ನಿಂತೆ.
ಹಾಗೆ ನಿಲ್ಲುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತು!
"ಬಂಗುಡೆ ಉಂಟು," ಅಂದ.
"ಉಳಿದದ್ದೆಲ್ಲ ಸರಿಯುಂಟು."
ಅದ್ಲಿಚ್ಚ ನಕ್ಕದ್ದಕ್ಕೆ ಮಾಡಿನ ತಗಡು ಅದುರಿತು.

ಆಮೇಲೆ ಗ್ಲಾಸನ್ನು ನನ್ನ ಕಡೆ ನೂಕಿದ, ಏನೂ ಹೇಳದೆ.
ಕಿವಿಗೆ ಹಿಡಿದೆ ಮೊದಲು.
ಸಣ್ಣಗೆ, ಸುಂಯ್ಯೆಂದು,
ಈ ಶೆಡ್ಡಿನಲ್ಲಿ ಮತ್ತೆ ಗ್ಯಾಸು ಮಾತಾಡುತ್ತಿತ್ತು.

ಕುಡಿದೆಯೋ ಇಲ್ಲವೋ ಎಂದು
ಹೊಸಂಗಡಿಯಲ್ಲಿ ಈಗಲೂ ಕೇಳುತ್ತಾರೆ.
ಅದು ಆ 'ಗ' ಇದ್ದ ಹಾಗೆ.
ಉಂಟು. ಹೇಳುವುದಿಲ್ಲ.