ಹಡಗು ಬಿಡುವ ಮುನ್ನ ತುಂಬಬೇಕಾದ ಫಾರಂ

ನಾಲ್ಕೂವರೆಗೆ ಹಡಗು ಬಿಡುತ್ತದೆ.
ಅಷ್ಟರೊಳಗೆ ತುಂಬಿ ಕೊಡಬೇಕು ಈ ಹಳದಿ ಹಾಳೆ:
ಮಗುವಿನ ಹೆಸರು, ವಯಸ್ಸು, ಶೇಂಗಾ ಆಗಿಬರುತ್ತದೆಯೇ,
ಅತ್ತರೆ ಯಾವುದಕ್ಕೆ ಸುಮ್ಮನಾಗುತ್ತದೆ,
ಕರೆದೊಯ್ಯಲು ಬಂದವರು ಹೇಳಬೇಕಾದ ಗುಟ್ಟಿನ ಪದ.

ಹೆಸರು ಬರೆದೆ. ಇಂಚರ ಸುಧನ್ವ. ಮೂರು ವರ್ಷ, ಎರಡು ತಿಂಗಳು.
ಅಲ್ಲಿಗೆ ಪೆನ್ನು ನಿಂತಿತು.

ನಗಬೇಡಿ, ನನ್ನ ಕಸುಬೇ ಇದು.
ಇದೇ ಸೌತಾಂಪ್ಟನ್ನಿನಲ್ಲಿ, ಶರ್ಲಿ ಬೀದಿಯ ಹಿಂದೆ,
ಇಗರ್ಜಿಯ ಹಾಲಿನಲ್ಲಿ ನಡೆಯುವ ಶಿಶುವಿಹಾರದಲ್ಲಿ
ಆರು ವರ್ಷದಿಂದ ಬೆಳಗಿನ ಬಾಗಿಲು ನನ್ನದು.
ತಾಯಂದಿರ ಕೊರಳಿಂದ ಒಂದೊಂದೇ ಬೆರಳು ಬಿಡಿಸಿ
ಮಕ್ಕಳನ್ನು ಇಸಿದುಕೊಳ್ಳುತ್ತೇನೆ,
"ಹೊರಡಿ, ತಿರುಗಿ ನೋಡಬೇಡಿ" ಎನ್ನುತ್ತೇನೆ,
ಸಂಜೆಯ ಚೀಟಿಯಲ್ಲಿ ಬರೆಯುತ್ತೇನೆ:
ಎರಡೇ ನಿಮಿಷ ಅತ್ತ. ಆಮೇಲೆ ಆಡಿದ. ಬಟಾಣಿ ತಿಂದ.

ಹೆಚ್ಚಿನ ಸಲ ಅದು ನಿಜ.
ಒಬ್ಬ ಆಲ್ಫಿ ಇದ್ದ, ಕೋಟು ಬಿಚ್ಚಲು ಬಿಡದೆ
ಇಡೀ ನವೆಂಬರು ಕಿಟಕಿಗೆ ಮೂಗೊತ್ತಿ ನಿಂತವನು.
ಅವನ ಚೀಟಿಯಲ್ಲೂ ಬಟಾಣಿ ಎಂದೇ ಬರೆದೆ.
ತಿಂದದ್ದು ನಿಜ. ನಿಂತೇ ತಿಂದ.

ಸುಧನ್ವ ಬಸ್ಸು ಓಡಿಸುತ್ತಾನೆ, ಸಂಜೆ ಪಾಳಿ.
ನಾನು ಒಳಗೆ ಬರುವಾಗ ಅವನು ಹೊರಗೆ;
ಹೊಸ್ತಿಲಲ್ಲಿ ಮಗು ಕೈಯಿಂದ ಕೈಗೆ, ಬಿಸಿ ಪಾತ್ರೆಯ ಹಾಗೆ.
ಎದುರುಬದುರು ಕೂತು ಉಂಡು ಎಷ್ಟು ಕಾಲವಾಯಿತೋ.
"ಒಂದೇ ಒಂದು ರಾತ್ರಿ," ಎಂದ,
ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಡಿಸಿಟ್ಟ ಆನೆಯ
ಸೊಂಡಿಲು ನೆಟ್ಟಗೆ ಮಾಡುತ್ತ. "ಆರಿಹೋಗದ ಸೂಪು."

ಗದಗಿನಿಂದ ಅವ್ವ, ಫೋನಿನಲ್ಲಿ:
"ಗುಡಿ ಮುಂದ ಚಪ್ಪಲಿ ಬಿಟ್ಟು ಟೋಕನ್ ಇಸ್ಕೊಂಡಂಗ
ಕೂಸಿನ್ನ ಬಿಟ್ಟು ಬರ್ತೀಯೇನ?"
ಅವ್ವಾ, ನೀನು ಹತ್ತಿ ಮಿಲ್ಲಿಗೆ ಹೋಗುವಾಗ
ರೊಟ್ಟಿ ಬಡಿಯುವ ಶಾಂತವ್ವನ ಹತ್ತಿರ ನನ್ನ ಬಿಡುತ್ತಿದ್ದೆ,
ಟೋಕನ್ ಕೂಡ ಇರಲಿಲ್ಲ,
ಎನ್ನಬೇಕೆಂದೆ. ಎನ್ನಲಿಲ್ಲ.
ಆ ಮನೆಯ ಹಿಟ್ಟಿನ ವಾಸನೆ ನನಗೆ ಈಗಲೂ ಹಿತ.

ಎಂಟನೇ ಮಹಡಿಯ ಬಾಗಿಲಲ್ಲಿ ಕಾರಿಸ್, ವೇಲ್ಸಿನ ಹುಡುಗಿ,
ಮಂಡಿಯೂರಿ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದಳು.
ಸರಿ, ಹಾಗೇ ಇಳಿಯಬೇಕು.
ಆಮೇಲೆ ನನ್ನ ಕಡೆ ತಿರುಗಿ, ನನ್ನದೇ ದನಿಯಲ್ಲಿ,
"ಎರಡೇ ನಿಮಿಷ ಅಳ್ತಾರೆ" ಎಂದಳು.

ಯಾವುದಕ್ಕೆ ಸುಮ್ಮನಾಗುತ್ತದೆ? ಕೊಟ್ಟ ಜಾಗ ಒಂದು ಗೆರೆ.
ಕಿವಿಯ ಹಾಲೆ ಸವರಿದರೆ. ಬೆಲ್ಲ ಎಂದರೆ, ಕೊಡದಿದ್ದರೂ.
"ಸಾಕು" ಅಂದರೆ ಸಾಕು, ಅದು ಅವಳಿಗೆ ಇಂಗ್ಲಿಷಿನಲ್ಲಿ ಬರುವುದಿಲ್ಲ.
"ಉಚ್ಚಿ" ಎಂದಾಗ ದಯವಿಟ್ಟು ತಡಮಾಡಬೇಡಿ.
ಹಾಳೆ ತಿರುವಿ ಬೆನ್ನಿಗೂ ಬರೆದೆ.
ಇಷ್ಟು ಬರೆದುಕೊಡುವ ತಾಯಂದಿರಿಗೆ
ನಾವು ಊಟದ ಬಿಡುವಿನಲ್ಲಿ ಒಂದು ಅಡ್ಡಹೆಸರು ಇಟ್ಟಿದ್ದೇವೆ.
ಅದನ್ನು ಇಲ್ಲಿ ಹೇಳಲಾರೆ.

ಗುಟ್ಟಿನ ಪದ: ರೊಟ್ಟಿ.
ಎಷ್ಟು ಹೊತ್ತು: ಎರಡು ಗಂಟೆ ಎಂದು ಬರೆದು,
ಹೊಡೆದು ಹಾಕಿ, ಒಂದು, ಅದನ್ನೂ ಹೊಡೆದು...

ಅಷ್ಟರಲ್ಲಿ ಹಡಗು ಕೂಗಿತು.
ಈ ಕೂಗು ನನಗೆ ಗೊತ್ತು. ಶುಕ್ರವಾರ ಶುಕ್ರವಾರ
ನಮ್ಮ ಕಿಟಕಿಯ ಬಳಿ ಮಕ್ಕಳೆಲ್ಲ ಗುಂಪುಗೂಡಿ
ಮನೆಗಳ ಮಾಡಿನ ಮೇಲೆ ಸರಿಯುವ ಹೊಗೆಗೊಳವೆಗೆ ಕೈಬೀಸುತ್ತಾರೆ.
ಅಲ್ಲಿರೋರಿಗೆ ನಾವು ಕಾಣ್ತೀವಾ ಮಿಸ್, ಎನ್ನುತ್ತಾರೆ.
ಹೂಂ ಎನ್ನುತ್ತೇನೆ.
ಕಾಣುವುದಿಲ್ಲ. ಕ್ರೇನು, ಕಂಟೇನರು, ಒಂದು ಚೂಪು ಗೋಪುರ, ಅಷ್ಟೇ.
ಆದರೂ ಕೈಯೆತ್ತಿದೆ.

ತಿರುಗುವಷ್ಟರಲ್ಲಿ ಇಂಚರ
ಒಳಗೆ, ಮರದ ಒಲೆಯ ಮುಂದೆ, ಗುರುತಿಲ್ಲದ ಮಗುವೊಂದಕ್ಕೆ
ಪ್ಲಾಸ್ಟಿಕ್ ಮೊಟ್ಟೆ ಬಡಿಸುತ್ತಿದ್ದಾಳೆ.
ತಲೆಯೆತ್ತಿ ಕೇಳಿದಳು:
"ಅಮ್ಮಾ, ನೀ ಯಾವಾಗ ಹೋಗ್ತಿ?"

ಹೋಗು ಎಂದೋ, ಹೋಗಬೇಡ ಎಂದೋ.
ಊರ ಮಕ್ಕಳ ದನಿಯೆಲ್ಲ ತಿಳಿಯುವ ನನಗೆ
ಇದೊಂದು ತಿಳಿಯಲಿಲ್ಲ.
ಕಾರಿಸ್ ಹಾಳೆಗೆ ಕೈಚಾಚಿದಳು.
ಕೆಳಗೆ ನೀರು, ಕಟ್ಟೆಗೂ ನಮಗೂ ನಡುವೆ,
ಒಂದು ಮೊಳ,
ಎರಡು ಮೊಳ.